ಸೊನ್ನೆಗೂ ಒಂದಕ್ಕೂ ನಡುವೆ

ಕಳೆದ ತಿಂಗಳು ಒಬ್ಬ ಯುವಕ ತನ್ನ ಗಿಟಾರ್ ಆಂಪ್ಲಿಫೈಯರ್ ಹೊತ್ತುಕೊಂಡು ನನ್ನ ರಿಪೇರಿ ಅಂಗಡಿಗೆ ಬಂದ. 40 ವಾಟ್‌ನ ವಾಲ್ವ್ ಆಂಪ್. ವಾಲ್ಯೂಮ್ ಗುಂಡಿಯ ಪಕ್ಕದಲ್ಲಿ ಕೆಂಪು ನೈಲ್ ಪಾಲಿಶ್‌ನ ಒಂದು ಚುಕ್ಕೆ, ಸಾಸಿವೆ ಕಾಳಿನಷ್ಟು. ಸೊನ್ನೆ ದಾಟಿ, ಒಂದನ್ನು ಮುಟ್ಟುವ ಮೊದಲೇ ಇತ್ತು ಅದು. ‘ಸರ್, ಇದಕ್ಕಿಂತ ಈಚೆ ಇಟ್ಟರೆ ಕೇಳಿಸಲ್ಲ, ಕೂದಲೆಳೆಯಷ್ಟು ಆಚೆ ಹೋದರೆ ಮಗು ಎದ್ದುಬಿಡತ್ತೆ’ ಎಂದ. ಬಾಡಿಗೆ ಮನೆ, ಎರಡನೇ ಮಹಡಿ, ಗೋಡೆಯಾಚೆ ಇನ್ನೊಂದು ಸಂಸಾರ. ರಾತ್ರಿ ಊಟವಾದ ಮೇಲೆ ಸಿಗುವ ಮುಕ್ಕಾಲು ಗಂಟೆಯಲ್ಲಿ ನುಡಿಸಬೇಕು. ಗುಂಡಿಯಲ್ಲಿ ಹತ್ತು ಅಂಕಿಗಳಿವೆ. ಅವನಿಗೆ ದಕ್ಕಿದ್ದು ಆ ಒಂದು ಚುಕ್ಕೆ.

ಇಂಥ ದೂರು ನನಗೆ ಹೊಸದಲ್ಲ. ಹಿಂದಿನ ಹಲಗೆ ಬಿಚ್ಚಿ, ಟಾರ್ಚ್ ಹಿಡಿದು, ಗುಂಡಿಯ ಹಿಂದಿರುವ ಪೊಟೆನ್ಷಿಯೊಮೀಟರ್, ಅಂದರೆ ಪಾಟ್‌ನ ಬೆನ್ನು ನೋಡಿದೆ. ಧೂಳು ಒರೆಸಿದಾಗ ಅಕ್ಷರ ಕಾಣಿಸಿತು: ಬಿ1ಎಂ. ಎಂದರೆ 1 ಮೆಗ್ ಓಂ, ಲೀನಿಯರ್. ‘ಬಿ’ ಬದಲು ‘ಎ’ ಇದ್ದಿದ್ದರೆ ಅದು ಲಾಗ್ ಪಾಟ್ ಆಗಿರುತ್ತಿತ್ತು, ಆ ಯುವಕ ನನ್ನ ಅಂಗಡಿಗೆ ಬರುವ ಪ್ರಮೇಯವೇ ಇರುತ್ತಿರಲಿಲ್ಲ.

ನಮ್ಮ ಕಿವಿ ಲೆಕ್ಕ ಹಾಕುವ ರೀತಿಯೇ ಬೇರೆ. ಸದ್ದು ‘ಎರಡರಷ್ಟಾಯಿತು’ ಅಂತ ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವಾಟ್ ಬೇಕು. ಲೀನಿಯರ್ ಪಾಟ್‌ಗೆ ಇದು ಗೊತ್ತಿಲ್ಲ. ತಿರುಗಿಸಿದಷ್ಟೇ ಅನುಪಾತದಲ್ಲಿ ಅದು ವೋಲ್ಟೇಜ್ ಬಿಡುತ್ತದೆ. ಹತ್ತನೇ ಒಂದು ಭಾಗ ತಿರುಗಿಸಿದರೆ ಹತ್ತನೇ ಒಂದು ಭಾಗ ವೋಲ್ಟೇಜ್. ಪೂರ್ತಿ ಸದ್ದಿಗಿಂತ ಬರೀ 20 ಡೆಸಿಬೆಲ್ ಕಡಿಮೆ. 10ರಲ್ಲಿ 40 ವಾಟ್ ಅಂತಿಟ್ಟುಕೊಂಡರೆ 1ರಲ್ಲಿ 0.4 ವಾಟ್. ಅಷ್ಟೇನಾ ಅನ್ನಬೇಡಿ. ಒಳ್ಳೆಯ 12 ಇಂಚಿನ ಗಿಟಾರ್ ಸ್ಪೀಕರಿನ ಎದುರು ಒಂದು ಮೀಟರ್ ದೂರದಲ್ಲಿ ನಿಂತರೆ ಅದು 95 ಡೆಸಿಬೆಲ್ ಆಸುಪಾಸು. ಮಲಗುವ ಕೋಣೆಗೆ ಬೇಕಾದ ಸದ್ದೆಲ್ಲ ಸೊನ್ನೆಗೂ ಒಂದಕ್ಕೂ ನಡುವೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿರುತ್ತದೆ. 5ರಿಂದ 10ರವರೆಗಿನ ಅರ್ಧ ಸುತ್ತಿನಲ್ಲಿ ಸಿಗುವುದು ಕೇವಲ 6 ಡೆಸಿಬೆಲ್.

ಲಾಗ್ ಪಾಟ್‌ನ ಒಳಗಿನ ಪಟ್ಟಿ ಕಿವಿಯನ್ನು ನೋಡಿಕೊಂಡು ಮಾಡಿದ್ದು. ಅರ್ಧ ಸುತ್ತಿಗೆ ಅದು ಬಿಡುವುದು ಶೇಕಡ 10ರಿಂದ 15ರಷ್ಟು ವೋಲ್ಟೇಜ್ ಮಾತ್ರ. ಇದೇನು ಹೊಸ ಆವಿಷ್ಕಾರವಲ್ಲ. 1960ರ ದಶಕದ ಫೆಂಡರ್ ಆಂಪ್‌ಗಳ ನಕ್ಷೆಗಳಲ್ಲಿ ವಾಲ್ಯೂಮ್‌ಗೆ 1 ಮೆಗ್ ಆಡಿಯೊ ಪಾಟ್, ಅಂದರೆ ಲಾಗ್ ಪಾಟ್, ಎಂದೇ ಇದೆ. ಎರಡು ಬಗೆಯ ಪಾಟ್‌ಗಳ ನಡುವೆ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇಲ್ಲ. ಹಾಗಿದ್ದೂ ಲೀನಿಯರ್ ಹಾಕುವುದೇಕೆ? ಅಂಗಡಿಯಲ್ಲಿ ಗುಂಡಿಯನ್ನು 2ಕ್ಕೆ ತಂದ ಕೂಡಲೇ ಆಂಪ್ ಅಬ್ಬರಿಸಬೇಕು, ಕೊಳ್ಳುವವನು ‘ಇನ್ನೂ ಎಂಟು ಬಾಕಿ ಇದೆಯಲ್ಲ’ ಎಂದು ಬೆರಗಾಗಬೇಕು. ಅದಕ್ಕೇ ಎಂಬುದು ನನ್ನ ಅನಿಸಿಕೆ. ನನಗೆ ಸಿಟ್ಟು ಬರುವುದು ಇಲ್ಲೇ. ಅಂಗಡಿಯ ಐದು ನಿಮಿಷಕ್ಕಾಗಿ ಮನೆಯ ಹತ್ತು ವರ್ಷವನ್ನು ಕೆಡಿಸಬಾರದು.

‘ಚಿಕ್ಕ ಆಂಪ್ ತಗೋಬೇಕಿತ್ತು’ ಅಂತ ಉಪದೇಶ ಮಾಡುವವರೂ ಇದ್ದಾರೆ. 40ರ ಬದಲು 20 ವಾಟ್ ಕೊಂಡರೆ ಇಳಿಯುವುದು 3 ಡೆಸಿಬೆಲ್. ಮಗುವಿನ ನಿದ್ದೆಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಪಾಟ್‌ನ ನಡುಗಾಲಿಗೂ ಅರ್ತ್‌ಗೂ ಮಧ್ಯೆ 100 ಕಿಲೋ ಓಂನ ಒಂದು ರೆಸಿಸ್ಟರ್ ಬೆಸೆಯುವ ಉಪಾಯವೂ ಉಂಟು. ಅರ್ಧ ಸುತ್ತಿನಲ್ಲಿ ವೋಲ್ಟೇಜ್ ಶೇಕಡ 14ಕ್ಕೆ ಇಳಿಯುತ್ತದೆ, ನಿಜ. ಆದರೆ ನಮಗೆ ಬೇಕಾದ ಜಾಗದಲ್ಲಿ, 1ರ ಹತ್ತಿರ, ಸಿಗುವ ಲಾಭ ಐದಾರು ಡೆಸಿಬೆಲ್ ಅಷ್ಟೇ. ಹಿಂದಿನ ವಾಲ್ವ್ ಮೇಲೆ ಭಾರವೂ ಬೀಳುತ್ತದೆ. ನಾನು ಪಾಟನ್ನೇ ಬದಲಿಸುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗಲೆಲ್ಲ ಎ1ಎಂ ಒಂದು ಹಿಡಿ ತಂದಿಟ್ಟುಕೊಂಡಿರುತ್ತೇನೆ. ಮನೆಯಲ್ಲಿ ಮಾತ್ರ ಯಾರೂ ಇದಕ್ಕೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ವಾಲ್ವ್ ಆಂಪ್‌ನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಕೂತಿರಬಹುದು. ಅದನ್ನು ಇಳಿಸಿ, ಮೀಟರ್‌ನಲ್ಲಿ ಸೊನ್ನೆ ನೋಡುವವರೆಗೆ ನಾನು ಬೆರಳು ಒಳಗಿಡುವುದಿಲ್ಲ.

ತಂಬೂರಿಯಲ್ಲಿ ಬಿರಡೆ ತಿರುಗಿಸಿ ಶ್ರುತಿ ಹತ್ತಿರಕ್ಕೆ ತಂದಮೇಲೂ ತಂತಿಯ ಮೇಲೆ ಒಂದು ಮಣಿ ಇದೆ, ಎಳ್ಳಷ್ಟು ಸರಿಸಲಿಕ್ಕೆ. ಅದನ್ನು ಮಾಡಿದವರು ನುಡಿಸುವವರ ಬೆರಳನ್ನು, ಕಿವಿಯನ್ನು ಬಲ್ಲವರು. ಗಿಟಾರ್ ಆಂಪ್ ಮಾಡುವವರಿಂದಲೂ ನಾನು ಕೇಳುವುದು ಅಷ್ಟನ್ನೇ. ಪಾಟ್ ಯಾವ ಬಗೆಯದು ಎಂದು ಡಬ್ಬದ ಮೇಲೆ ಮುದ್ರಿಸಿ. ಕೊಳ್ಳುವವರೂ ಅಷ್ಟೇ, ಅಂಗಡಿಯಲ್ಲಿ ಗುಂಡಿಯನ್ನು ಸೊನ್ನೆಯಿಂದ ಎರಡರವರೆಗೆ ನಿಧಾನವಾಗಿ ತಿರುಗಿಸಿ ನೋಡಿ. ಸದ್ದು ಏರುತ್ತಾ ಬಂದರೆ ಸರಿ, ಎಗರಿದರೆ ವಾಪಸ್ ಇಟ್ಟು ಬನ್ನಿ.

ಲಾಗ್ ಪಾಟ್ ಹಾಕಿಟ್ಟಿದ್ದೆ. ಯುವಕ ಸಂಜೆ ಬಂದು ಗಿಟಾರ್ ಚುಚ್ಚಿ, ಗುಂಡಿ ತಿರುಗಿಸಿದ. ಚುಕ್ಕೆ ದಾಟಿತು, ಒಂದು ದಾಟಿತು. ಎರಡರ ಹತ್ತಿರ ತಂತಿ ಮೀಟಿದಾಗ ತಲೆಯ ಮೇಲಿನ ಫ್ಯಾನ್ ಸದ್ದಿನ ಜೊತೆಜೊತೆಗೇ ಗಿಟಾರ್ ಕೇಳುತ್ತಿತ್ತು. ಅವನು ಉಗುರಿನಿಂದ ಆ ಕೆಂಪು ಚುಕ್ಕೆಯನ್ನು ಕೆರೆಯತೊಡಗಿದ.