ಸಂಚಾರಿಯ ಟಿಪ್ಪಣಿ: ಹಂಚಿನ ಊರು, ಬಾವಿಯ ನೀರು

ಡಂಬಳದಂಥ ಬಯಲುಸೀಮೆಯ ಊರಿನವನು ಮಂಗಳೂರಿಗೆ ಹೋದರೆ ಮೊದಲು ಕಣ್ಣು ತುಂಬುವದು ಅಲ್ಲಿಯ ಹಸುರು. ಆಮೇಲೆ ಬೆರಗುಗೊಳಿಸುವದು ಅಲ್ಲಿಯ ವೇಗ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರಖಾನೆಯನ್ನು ತೆರೆದ ಊರಿದು. ೧೯೦೭ರಲ್ಲಿ ಇಲ್ಲಿಗೆ ರೈಲು ಬಂದಿತು; ೧೯೭೫ರಲ್ಲಿ ಪಣಂಬೂರಿನ ಹೊಸ ಬಂದರವು ಉದ್ಘಾಟನೆಗೊಂಡಿತು. ಇಂದು ಹಂಚಿನ ಮನೆಗಳನ್ನು ಕೆಡವಿದ ಸ್ಥಳಗಳಲ್ಲಿ ಅನೇಕ ಅಂತಸ್ತಿನ ಕಟ್ಟಡಗಳು ಏಳುತ್ತಿವೆ.

ನನ್ನ ಮನಸ್ಸು ನಿಂತದ್ದು ಮಾತ್ರ ನೀರಿನ ಮೇಲೆ. ನಮ್ಮ ಕಡೆಗೆ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆ. ಅಲ್ಲಿ ೩,೫೦೦ಕ್ಕೂ ಮಿಕ್ಕು. ಆದರೂ ೨೦೧೯ರ ಬೇಸಗೆಯಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತಗ್ಗಿ, ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಹಿಂದೆ ಇಳಿಜಾರಿನ ಹಂಚಿನಿಂದ ಬಿದ್ದ ಮಳೆಯು ಹಿತ್ತಲಿನ ಮಣ್ಣಿನಲ್ಲಿ ಇಂಗಿ ಮನೆಯ ಬಾವಿಯನ್ನು ಸೇರುತ್ತಿತ್ತು. ಅಂಗಳಕ್ಕೆ ಕಾಂಕ್ರೀಟು ಹಾಸಿದ ಬಳಿಕ ಅದೇ ಮಳೆ ಗಟಾರ ಹಿಡಿದು ಸಮುದ್ರಕ್ಕೆ ಓಡುವದು.

ನೀರಿಲ್ಲದೆ ಬಳಲಿದವರಿಗೇ ನೀರಿನ ಬೆಲೆ ತಿಳಿದಿರುವದೆಂದು ನಾವು ಹೆಮ್ಮೆಪಡುವೆವು. ಆದರೆ ಮನೆಗೆ ನಳ ಬಂದ ಮೇಲೆ ಬಾವಿಗೆ ಕಸ ಸುರಿಯುವ ರೂಢಿ ನಮ್ಮಲ್ಲಿಯೂ ಇಲ್ಲವೇ? ಡಂಬಳದ ಹಿರಿಯರು ದೊಡ್ಡ ಬಸಪ್ಪನ ಗುಡಿಯನ್ನಷ್ಟೇ ಅಲ್ಲ, ವಿಶಾಲವಾದ ಕೆರೆಯನ್ನೂ ನಮಗೆ ಬಿಟ್ಟುಹೋಗಿದ್ದಾರೆ. ಹೊಸ ಮನೆ ಕಟ್ಟಿಸುವ ಗೃಹಸ್ಥರು ಅಂಗಳದಲ್ಲಿ ನಾಲ್ಕು ಮೊಳ ಮಣ್ಣನ್ನಾದರೂ ಬಿಡಲಿ. ಮಾಳಿಗೆಯಿಂದಿಳಿಯುವ ನೀರನ್ನು ಇಂಗುಗುಂಡಿಗೆ ತಿರುಗಿಸಲಿ. ಕೆರೆಗೆ ನೀರು ತರುವ ಹಳ್ಳದ ಮೇಲೆ ಗೋಡೆಗಳು ಏಳದಂತೆ ಊರವರೆಲ್ಲರೂ ಕೂಡಿ ನೋಡಿಕೊಳ್ಳಲಿ.