ಕೋಣನೆಂಬುದು ಬೈಗುಳವೇ?

ಲೆಕ್ಕ ತಪ್ಪಿದ ಬಾಲಕನನ್ನು ಕೋಣನೆಂದೂ, ಕಿಟಕಿಯಾಚೆ ನೋಡುತ್ತ ಕುಳಿತವನನ್ನು ಗೂಬೆಯೆಂದೂ, ಕೂತಲ್ಲಿ ಕೂರದವನನ್ನು ಮಂಗನೆಂದೂ ಕರೆಯುವ ವಾಡಿಕೆ ನಮ್ಮ ಪಾಠಶಾಲೆಗಳಲ್ಲಿ ಎಷ್ಟು ರೂಢಮೂಲವಾಗಿದೆಯೆಂದರೆ, ಪ್ರಾಣಿಯ ಹೆಸರೊಂದು ಮಗುವಿನ ಆತ್ಮಭಾವವನ್ನು ಹೇಗೆ ರೂಪಿಸುತ್ತದೆಂದು ವಿಚಾರಿಸುವ ವ್ಯವಧಾನವೇ ನಮಗಿಲ್ಲ. ಇದಕ್ಕೆ ಪ್ರತಿಯಾಗಿ, 'ನೀನೊಂದು ಪ್ರಾಣಿಯಾಗಿದ್ದರೆ ಯಾವುದಾಗಿರುತ್ತಿದ್ದೆ?' ಎಂದು ಪ್ರಬಂಧಕ್ಕೆ ವಿಷಯ ಕೊಡುವ ಉತ್ಸಾಹಿ ಉಪಾಧ್ಯಾಯರೂ ಇದ್ದಾರೆ. ಅವರ ಆಶಯ ಸ್ತುತ್ಯವಾದುದೇ. ಆದರೆ ಬರುವ ಉತ್ತರಗಳನ್ನು ನೋಡಿದರೆ ಹುಡುಗರೆಲ್ಲ ಸಿಂಹಗಳು, ಹುಡುಗಿಯರೆಲ್ಲ ನವಿಲುಗಳು! ನಮ್ಮ ನಾಡಿನ ಮಕ್ಕಳು ಸಿಂಹವನ್ನು ಮೃಗಾಲಯದ ಕಂದಕದಾಚೆಗಲ್ಲದೆ ಬೇರೆಲ್ಲಿ ಕಂಡಾರು? ಶೌರ್ಯಕ್ಕೆ ಸಿಂಹ, ಕಪಟಕ್ಕೆ ನರಿ, ಜಾಡ್ಯಕ್ಕೆ ಕೋಣ ಎಂದು ಹಿರಿಯರು ಮೊದಲೇ ಅಚ್ಚುಹಾಕಿಟ್ಟ ಸಂಕೇತಗಳನ್ನು ಅವರು ಎರವಲು ಪಡೆದು ಒಪ್ಪಿಸುತ್ತಾರೆ, ಅಷ್ಟೆ.

ನಮ್ಮ ಪರಂಪರೆ ಇಷ್ಟು ಸಂಕುಚಿತವಾದುದಲ್ಲ. ಪಂಚತಂತ್ರದ ಕರಟಕ ದಮನಕರಿಬ್ಬರೂ ನರಿಗಳೇ ಆದರೂ ಒಬ್ಬನು ಭೇದೋಪಾಯವನ್ನು ಹೂಡುವವನು, ಇನ್ನೊಬ್ಬನು ಬೇಡವೆಂದು ತಡೆಯುವವನು. ತುಳುನಾಡಿನಲ್ಲಿ ಕಂಬಳದ ಕೋಣಗಳನ್ನು ಸಾಕುವ ಮನೆಯನ್ನು ನೋಡಿರಿ. ಹೆಸರಿಟ್ಟು, ಎಣ್ಣೆ ತಿಕ್ಕಿ, ಹುರುಳಿ ಬೇಯಿಸಿ ಹಾಕಿ, ಕೆಸರುಗದ್ದೆಯಲ್ಲಿ ಓಡಿಸಿ, ಗೆದ್ದು ಬಂದಾಗ ಮನೆಮಂದಿಯೆಲ್ಲ ಹಿಗ್ಗುವ ಆ ಅಂಗಳದಲ್ಲಿ ಬೆಳೆದ ಮಗುವಿಗೆ ಕೋಣವೆಂದರೆ ವೇಗ, ಬಲ, ಮನೆತನದ ಮರ್ಯಾದೆ. ಆ ಮಗು ಶಾಲೆಗೆ ಬಂದು ಅದೇ ಶಬ್ದವನ್ನು ಬೈಗುಳವಾಗಿ ಕೇಳಬೇಕಾದುದು ವಿಪರ್ಯಾಸವಲ್ಲವೇ?

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲೊಂದನ್ನು ಇಲ್ಲಿ ಸ್ಮರಿಸಬೇಕು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನು ಮೆಚ್ಚುಗೆಯ ಕೊಡುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ಒಡೆಯನು ಕಲ್ಲು ನಿಲ್ಲಿಸಿ, ನಾಯಿ ಹಂದಿಗಳ ಕಾದಾಟವನ್ನೇ ಅದರ ಮೇಲೆ ಕೆತ್ತಿಸಿದನು. ಸ್ವಾಮಿನಿಷ್ಠೆಯನ್ನು ಕುರಿತ ಉಪದೇಶದ ಮಾತು ಅಲ್ಲಿಲ್ಲ. ಒಂದು ಹೆಸರು, ಒಂದು ಸ್ಥಳ, ಒಂದು ಕ್ರಿಯೆ ಇವೆ. ಸಹಸ್ರ ವರ್ಷಗಳ ತರುವಾಯವೂ ಕಾಳಿ ನಮಗೆ ಇಂಥದೇ ನಾಯಿಯಾಗಿ ಉಳಿದಿರುವುದು ಆ ಕಾರಣದಿಂದ. ಪ್ರಬಂಧ ಬರೆಯುವ ಮಕ್ಕಳಿಗೆ ಇದಕ್ಕಿಂತ ಉತ್ತಮವಾದ ಮೇಲ್ಪಂಕ್ತಿ ನನಗೆ ತೋರದು.

ತನ್ನನ್ನು ಕುರಿತು 'ನನಗೆ ಭಯವಾಗುತ್ತದೆ' ಎಂದು ಬರೆಯಲು ಲಜ್ಜೆಪಡುವ ಮಗು, ಗಿಡುಗನ ನೆರಳು ಕಂಡೊಡನೆ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಂಡ ಹೇಂಟೆಯನ್ನು ಕುರಿತು ನಿಸ್ಸಂಕೋಚವಾಗಿ ಬರೆಯಬಲ್ಲುದು. ಆ ಬರವಣಿಗೆಯಲ್ಲಿ ತನ್ನ ಭಯವನ್ನೂ ಧೈರ್ಯವನ್ನೂ ತಾನೇ ಕಂಡುಕೊಳ್ಳಬಲ್ಲುದು. ಆದರೆ ನಾವು ಗೋವಿನ ಹಾಡನ್ನು ಓದಿಸಿ ಪುಣ್ಯಕೋಟಿಯ ಸತ್ಯಸಂಧತೆಯನ್ನು ಕುರಿತಷ್ಟೇ ಪ್ರಶ್ನೆ ಕೇಳುತ್ತೇವೆ. ತಬ್ಬಲಿಯಾಗಲಿದ್ದ ಕರುವಿನ ಸ್ಥಾನದಲ್ಲಿ ನಿಂತು, ಅಥವಾ ಪಶ್ಚಾತ್ತಾಪದಿಂದ ಪ್ರಾಣ ಬಿಟ್ಟ ಹುಲಿಯ ಸ್ಥಾನದಲ್ಲಿ ನಿಂತು ಬರೆಯೆಂದು ಹೇಳುವವರು ವಿರಳ. ಸಂಕೇತವು ನೋಟದಿಂದ ಹುಟ್ಟಬೇಕೇ ಹೊರತು ನೋಟಕ್ಕೆ ಅಡ್ಡ ನಿಲ್ಲಬಾರದು.

ಆದುದರಿಂದ ಉಪಾಧ್ಯಾಯ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಸಲ ಈ ವಿಷಯವನ್ನು ಕೊಡುವಾಗ ಸಿಂಹವನ್ನೂ ನವಿಲನ್ನೂ ಒಂದು ವರ್ಷದ ಮಟ್ಟಿಗೆ ಬಹಿಷ್ಕರಿಸಿರಿ, ಗೋಡೆಯ ಹಲ್ಲಿಯೋ ಬೀದಿಯ ನಾಯಿಯೋ ಹಿತ್ತಲಿನ ಓತಿಕ್ಯಾತವೋ, ತಾನೇ ಒಂದು ವಾರ ನೋಡಿದ ಪ್ರಾಣಿಯನ್ನು ಮಗು ಆರಿಸಿಕೊಳ್ಳಲಿ, ಕಾಗುಣಿತದ ತಪ್ಪಿಗೆ ಅಂಕ ಕಳೆಯುವ ಮೊದಲು, ಪುಸ್ತಕದಲ್ಲಿಲ್ಲದ ಒಂದು ಸಂಗತಿಯನ್ನು ಅದು ಕಂಡು ಬರೆದಿದ್ದರೆ ಅದಕ್ಕೆ ಅಂಕ ಕೊಡಿರಿ.