ಹಿರೇಮದ್ದೂ ಮದ್ದೇ

ಪ್ರಾಣಾಯಾಮ ಮುಗಿಸಿ ಅಶ್ವಗಂಧದ ಚೂರ್ಣವನ್ನು ಹಾಲಿಗೆ ಬೆರೆಸಿ ಕುಡಿಯುವ ರೂಢಿ ಇಂದು ಅನೇಕರಲ್ಲಿ ಕಾಣುತ್ತದೆ. ಪರೀಕ್ಷೆಯ ಭಯದಿಂದ ನಿದ್ದೆಗೆಡುವ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ಯೋಗವೂ ಮೂಲಿಕೆಯೂ ನಮ್ಮ ಪರಂಪರೆಯವೇ. ಆದ್ದರಿಂದ ಎರಡೂ ಸಮಾನವಾಗಿ ನಿರಪಾಯಕಾರಿ ಎಂಬ ನಂಬಿಕೆ ಈ ರೂಢಿಯ ತಳದಲ್ಲಿದೆ. ಈ ನಂಬಿಕೆಯನ್ನು ಪರಾಮರ್ಶಿಸಬೇಕಾಗಿದೆ.

ಪತಂಜಲಿಯು ಹೇಳಿದ ಯೋಗದ ಎಂಟು ಅಂಗಗಳಲ್ಲಿ ಔಷಧಿಗೆ ಸ್ಥಾನವಿಲ್ಲ. ಕೈವಲ್ಯಪಾದದ ಮೊದಲ ಸೂತ್ರದಲ್ಲಿ ಸಿದ್ಧಿಯ ಐದು ಮೂಲಗಳನ್ನು ಎಣಿಸುವಾಗ ಔಷಧಿಯ ಹೆಸರು ಬರುತ್ತದೆ, ನಿಜ. ಆದರೆ ಅಲ್ಲಿ ಅದು ತಪಸ್ಸು ಸಮಾಧಿಗಳಿಂದ ಬೇರೆಯಾದ ಒಂದು ಮಾರ್ಗವಾಗಿಯೇ ನಿಲ್ಲುತ್ತದೆ. ಚೂರ್ಣವು ಆಸನದ ಬಾಲಂಗೋಚಿಯಲ್ಲ. ಅದು ಔಷಧಿ; ಅದಕ್ಕೆ ಪ್ರಮಾಣವೂ ಪಥ್ಯವೂ ಉಂಟು.

ಔಷಧಿಯೆಂದ ಮೇಲೆ ಮೊದಲು ಹೆಸರು ಖಚಿತವಾಗಬೇಕು. 'ಬ್ರಾಹ್ಮಿ' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಸಸ್ಯಗಳು ಮಾರಾಟವಾಗುತ್ತವೆ. ಮಲೆನಾಡು ಕರಾವಳಿಗಳಲ್ಲಿ ತಂಬುಳಿಗೆ ಬಳಸುವ, ದುಂಡನೆಯ ಎಲೆಯ ಒಂದೆಲಗ ಒಂದು. ಜೌಗಿನಲ್ಲಿ ಹಬ್ಬುವ, ಪುಟ್ಟ ದಪ್ಪ ಎಲೆಯ ನೀರುಬ್ರಾಹ್ಮಿ ಇನ್ನೊಂದು. ಕನ್ನಡ ಮರಾಠಿಗಳೆರಡೂ ಬೆರೆತ ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಗೊಂದಲಕ್ಕೆ ಅವಕಾಶ ಇನ್ನೂ ಹೆಚ್ಚು. ಮರಾಠಿಯ 'ಆಸ್ಕಂದ' ಮತ್ತು ಕನ್ನಡದ 'ಹಿರೇಮದ್ದು' ಎರಡೂ ಅಶ್ವಗಂಧವೇ. ಇವುಗಳಲ್ಲಿ ಕನ್ನಡದ ಹೆಸರು ಒಂದು ವಿವೇಕವನ್ನು ಕಾಪಾಡಿಕೊಂಡಿದೆ: ಅದು ಗಿಡವನ್ನು ಮದ್ದೆಂದೇ ಕರೆಯುತ್ತದೆ.

ಆ ವಿವೇಕ ಇಂದು ಅಗತ್ಯ. ಅಶ್ವಗಂಧವು ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಏರಿಸಬಲ್ಲದು. ನಿದ್ದೆಯ ಮಾತ್ರೆಗಳೊಡನೆ ಸೇರಿದರೆ ಮಂಪರು ಹೆಚ್ಚಬಹುದು. ಅಪರೂಪವಾಗಿಯಾದರೂ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ದಾಖಲಾಗಿವೆ. ಗರ್ಭಿಣಿಯರು ಅದನ್ನು ಸೇವಿಸಬಾರದೆಂಬ ಎಚ್ಚರಿಕೆಯೂ ಇದೆ. ನಿಸರ್ಗದ್ದೆಂಬ ಮಾತ್ರಕ್ಕೆ ಯಾವುದೂ ನಿರಪಾಯವಾಗದು, ದತ್ತೂರಿಯೂ ನಿಸರ್ಗದ್ದೇ.

ಹಾಗೆಂದು ಮೂಲಿಕೆಗಳನ್ನು ತಿರಸ್ಕರಿಸಬೇಕಿಲ್ಲ. ಯೋಗ ಕಲಿಸುವವರು ಯೋಗವನ್ನಷ್ಟೇ ಕಲಿಸಲಿ, ಔಷಧಿಯ ಮಾತನ್ನು ವೈದ್ಯರಿಗೆ ಬಿಡಲಿ. ಚೂರ್ಣ ಸೇವಿಸುವವರು ಬೇರೆ ಚಿಕಿತ್ಸೆಗೆ ಹೋದಾಗ ಅದನ್ನು ಮುಚ್ಚಿಡದೆ ಹೇಳಲಿ. ವಿದ್ಯಾರ್ಥಿಗಳು ಮೊದಲು ಕೆಲವು ವಾರ ಅಭ್ಯಾಸವನ್ನೊಂದನ್ನೇ ನಿಷ್ಠೆಯಿಂದ ನಡೆಸಿ ನೋಡಲಿ. ಎರಡನ್ನೂ ಒಟ್ಟಿಗೆ ತೊಡಗಿದವರಿಗೆ ನೆಮ್ಮದಿ ತಂದದ್ದು ಉಸಿರೋ ಬೇರೋ ಎಂಬುದು ಎಂದಿಗೂ ತಿಳಿಯದು. ತನ್ನ ಉಸಿರಿನಿಂದಲೇ ಮನಸ್ಸು ತಿಳಿಯಾಗಬಲ್ಲದೆಂಬ ಅರಿವು ವಿದ್ಯಾರ್ಥಿಗೆ ಪರೀಕ್ಷೆಯ ಆಚೆಗೂ ಒದಗುವ ಸಂಪತ್ತು. ಚೂರ್ಣದ ಡಬ್ಬಿಯ ಆಸೆಗೆ ಅದನ್ನು ಕಳೆದುಕೊಳ್ಳುವುದು ದೊಡ್ಡ ನಷ್ಟ.